ಒಂಟಿಕೋಣೆ ಮತ್ತು ಜೈಲಿನೊಳಗಿನ ಕೇರಿ

ಜೈಲಿನಲ್ಲಿ ಯಾವುದು ಹೆಚ್ಚು ಕಠೋರ: ಒಂಟಿಕೋಣೆಯೋ, ಹತ್ತು ಜನರ ನಡುವಿನ ಬ್ಯಾರಕ್ಕೋ? ಹೀಗೆ ಕೇಳುವವರು ಒಂದನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ. ಏನಪ್ಪಾ ಅಂದರೆ, ಬ್ಯಾರಕ್ಕಿನಲ್ಲಿ ಎಲ್ಲರೂ ಎಲ್ಲರ ಜೊತೆಗಿದ್ದಾರೆ ಅಂತ. ನಿಜಕ್ಕೂ ಇದ್ದಾರೆಯೇ?

ಒಂಟಿಕೋಣೆಯ ಕ್ರೌರ್ಯವನ್ನು ಹಗುರ ಮಾಡಬೇಕಿಲ್ಲ. ಅದು ವಸಾಹತು ಪ್ರಭುತ್ವಕ್ಕೂ ಗೊತ್ತಿತ್ತು. 1860ರ ದಂಡ ಸಂಹಿತೆ ಈ ಶಿಕ್ಷೆ ಒಟ್ಟು 3 ತಿಂಗಳನ್ನು, ಒಂದು ಸಲಕ್ಕೆ 14 ದಿನಗಳನ್ನು ಮೀರಕೂಡದೆಂದಿತು. 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಲ್ಲುಶಿಕ್ಷೆಯಾದ ಮಾತ್ರಕ್ಕೆ ಯಾರನ್ನೂ ಒಂಟಿಯಾಗಿ ಕೂಡಿಹಾಕುವಂತಿಲ್ಲ ಎಂದಿತು. ಆದರೂ ನಮ್ಮ ಬೆಳಗಾವಿ ಜೈಲಿನಲ್ಲಿ ಕೈದಿಯೊಬ್ಬನನ್ನು ಸುಮಾರು 10 ವರ್ಷ ಹಾಗೆಯೇ ಇಟ್ಟಿದ್ದರು. ಈ ಕಾರಣಕ್ಕೇ 2022ರಲ್ಲಿ ಅದೇ ಕೋರ್ಟು ಅವನ ಗಲ್ಲನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು.

ಇನ್ನು ಬ್ಯಾರಕ್ಕಿನ ಚರಿತ್ರೆ. 1840ರ ದಶಕದಲ್ಲಿ ಬ್ರಿಟಿಷರು ಉತ್ತರ ಭಾರತದ ಜೈಲುಗಳಲ್ಲಿ ಸಾಮೂಹಿಕ ಅಡುಗೆ ತಂದಾಗ, ಜಾತಿ ಕೆಡುತ್ತದೆಂದು ಕೈದಿಗಳು ದಂಗೆಯೆದ್ದರು. 1855ರಲ್ಲಿ ಬಿಹಾರದ ಮುಜಫ್ಫರಪುರದಲ್ಲಿ ಹಿತ್ತಾಳೆ ತಂಬಿಗೆ ಕಿತ್ತುಕೊಂಡು ಮಣ್ಣಿನ ಪಾತ್ರೆ ಕೊಟ್ಟಾಗ ಊರ ಜನವೂ ತಿರುಗಿಬಿದ್ದರು. ಸರ್ಕಾರ ತಂಬಿಗೆ ಹಿಂದಿರುಗಿಸಿತು. ಇದನ್ನು ವಸಾಹತುಶಾಹಿಗೆ ತೋರಿದ ಪ್ರತಿರೋಧ ಅಂತ ಓದುವುದುಂಟು. ಪ್ರತಿರೋಧವೇನೋ ಹೌದು. ಆದರೆ ಪ್ರಭುತ್ವ ಮತ್ತು ಮೇಲ್ಜಾತಿಗಳ ನಡುವಿನ ಇಂಥ ರಾಜಿಗಳ ಬೆಲೆ ತೆತ್ತವರು ಯಾರು?

ಉತ್ತರ ಜೈಲು ಕೈಪಿಡಿಗಳಲ್ಲೇ ಇದೆ. ಪಶ್ಚಿಮ ಬಂಗಾಳದ ಕೈಪಿಡಿಯಲ್ಲಿ ಅಡುಗೆಗೆ 'ಸೂಕ್ತ ಜಾತಿ'ಯವನು, ಕಸ ಬಳಿಯಲು ಮೆಹ್ತರ್, ಹಾಡಿ ಜಾತಿಯವನು. ಸ್ವಾತಂತ್ರ್ಯ ಬಂದರೂ ಈ ಸಾಲುಗಳು ಅಳಿಯಲಿಲ್ಲ. ತಮಿಳುನಾಡಿನ ಪಾಳಯಂಕೋಟೆ ಜೈಲಿನಲ್ಲಿ ತೇವರ್, ನಾಡಾರ್, ಪಳ್ಳರ್ ಕೈದಿಗಳಿಗೆ ಬೇರೆಬೇರೆ ಜಾಗ. ಗಲಭೆ ತಡೆಯಲು ಎಂಬ ಸಮಜಾಯಿಷಿ ಬೇರೆ. ಊರು-ಕೇರಿಯ ನಕ್ಷೆಯನ್ನು ಸರ್ಕಾರವೇ ಗೋಡೆಯೊಳಗೆ ಬಿಡಿಸಿದ ಹಾಗಾಯಿತು. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಮೊಕದ್ದಮೆಯಲ್ಲಿ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಇಂಥ ನಿಯಮಗಳನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಜೈಲಿನ ದಾಖಲೆ ಪುಸ್ತಕಗಳಿಂದ ಜಾತಿಯ ಕಾಲಂ ತೆಗೆಯಲು ಹೇಳಿತು. ಸಂವಿಧಾನ ಜಾರಿಯಾಗಿ ಆಗಲೇ 74 ವರ್ಷ ಕಳೆದಿತ್ತು.

ಹಾಗಾದರೆ ಬ್ಯಾರಕ್ಕೇ ಹೆಚ್ಚು ಕಠೋರವೇ? ನಾನು ಹಾಗೆನ್ನುತ್ತಿಲ್ಲ. ಒಂಟಿಕೋಣೆ ಮನುಷ್ಯನನ್ನು ಒಳಗಿಂದ ತಿನ್ನುತ್ತದೆ. ಆದರೆ ಕಾನೂನು ಅದನ್ನು ಶಿಕ್ಷೆಯೆಂದು ಕರೆದಿದೆ, ದಿನ ಎಣಿಸಿದೆ. ಜನರ ನಡುವೆ ಇದ್ದೂ ದಲಿತ ಕೈದಿ ಅನುಭವಿಸುವ ಒಂಟಿತನಕ್ಕೆ ಯಾವ ನ್ಯಾಯಾಧೀಶನೂ ಅವಧಿ ಬರೆದಿಲ್ಲ. ಅದು ಅವನು ಹೊರಗಿನಿಂದಲೇ ಹೊತ್ತು ತಂದ ಶಿಕ್ಷೆ. ಬಿಡುಗಡೆಯ ದಿನವೂ ಅವನ ಜೊತೆಗೇ ಹೊರಡುತ್ತದೆ. ಕೈದಿಗಳ ಹಕ್ಕಿನ ಬಗ್ಗೆ ಮಾತಾಡುವ ಗೆಳೆಯರು ಒಂಟಿಕೋಣೆಯ ಬೀಗದ ಜೊತೆಗೆ ಇದನ್ನೂ ಕೇಳಬೇಕು: ಬ್ಯಾರಕ್ಕಿನಲ್ಲಿ ಅಡುಗೆ ಮಾಡುವವನು ಯಾರು? ಪಾಯಿಖಾನೆ ತೊಳೆಯುವವನು ಯಾರು?