ಸಂಗನಕಲ್ಲಿನ ಶೋಧ: ಅಧ್ಯಾಪಕ ವಿದ್ವಾಂಸರ ಎಂಟು ದಶಕಗಳ ದುಡಿಮೆ

ಬಳ್ಳಾರಿ ನಗರದಿಂದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಸಂಗನಕಲ್ಲು ಮತ್ತು ಕಪ್ಪಗಲ್ಲು ಗ್ರಾಮಗಳ ನಡುವೆ, ಎರೆಹೊಲಗಳ ಬಯಲಿನಿಂದ ಮೇಲೆದ್ದು ನಿಂತಿರುವ ಗ್ರಾನೈಟ್ ಗುಡ್ಡಗಳ ಗುಂಪೊಂದು ದಕ್ಷಿಣ ಭಾರತದ ನವಶಿಲಾಯುಗದ ಅಧ್ಯಯನಕ್ಕೆ, ಅಂದರೆ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಬಳಸುತ್ತ ಮನುಷ್ಯರು ದನ ಸಾಕಲು, ಬೆಳೆ ಬೆಳೆಯಲು ತೊಡಗಿದ ಕಾಲಘಟ್ಟದ ಅಧ್ಯಯನಕ್ಕೆ, ಬಹುಮುಖ್ಯ ನೆಲೆಯಾಗಿ ಒದಗಿದೆ. ಹಿರೇಗುಡ್ಡ, ಸಣ್ಣರಾಚಮ್ಮ ಗುಡ್ಡ, ಚೌಡಮ್ಮನ ಗುಡ್ಡ ಎಂಬ ಸ್ಥಳೀಯ ಹೆಸರುಗಳು ಇಂದು ಜಗತ್ತಿನ ಹಲವು ವಿಶ್ವವಿದ್ಯಾಲಯಗಳ ಪುರಾತತ್ತ್ವ ವಿಭಾಗಗಳಿಗೆ ಪರಿಚಿತವಾಗಿವೆ. ಇದು ಒಬ್ಬ ವಿದ್ವಾಂಸನ ಅಥವಾ ಒಂದು ಶಾಸ್ತ್ರದ ಸಾಧನೆಯಲ್ಲ. ಇತಿಹಾಸ, ಭೂವಿಜ್ಞಾನ, ಸಸ್ಯವಿಜ್ಞಾನ, ಮಾನವಶಾಸ್ತ್ರಗಳ ಅಧ್ಯಾಪಕರು ಇದೇ ಮಣ್ಣಿಗೆ ಮತ್ತೆ ಮತ್ತೆ ಮರಳಿ ಬಂದು, ಹಿಂದಿನವರ ಉತ್ತರಗಳನ್ನು ಹೊಸ ವಿಧಾನಗಳಿಂದ ಒರೆಗೆ ಹಚ್ಚಿದ್ದರಿಂದಲೇ ಈ ಕ್ಷೇತ್ರ ಬೆಳೆಯಿತು.

ಆರಂಭದ ಕೆಲಸ ವಿಶ್ವವಿದ್ಯಾಲಯಗಳ ಹೊರಗೆ ನಡೆಯಿತು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿಯಾಗಿ ಬಳ್ಳಾರಿ ಜಿಲ್ಲೆಯ ಶಿಲಾರಚನೆಯನ್ನು ಸಮೀಕ್ಷಿಸುತ್ತಿದ್ದಾಗ ಈ ಗುಡ್ಡಗಳಲ್ಲಿ ಕಲ್ಲಿನ ಉಪಕರಣಗಳನ್ನೂ ಅವುಗಳನ್ನು ತಯಾರಿಸಿದ ಜಾಗಗಳನ್ನೂ ಕಂಡರು. ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. ಹಿರೇಗುಡ್ಡದ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಚಿತ್ರಗಳ ಬಗ್ಗೆ ಎಫ್. ಫಾಸೆಟ್ 1892ರಲ್ಲೇ ಬರೆದಿದ್ದರು. ಇವರಿಬ್ಬರೂ ನೌಕರಿಯ ನಡುವೆ ಬಿಡುವು ಮಾಡಿಕೊಂಡು ಶೋಧಿಸಿದವರು. ಅವರು ವಸ್ತುಗಳನ್ನು ಸಂಗ್ರಹಿಸಿ ವರ್ಗೀಕರಿಸಿದರೂ, ನೆಲದ ಪದರಗಳನ್ನು ಒಂದೊಂದಾಗಿ ಬಿಡಿಸಿ ಯಾವುದು ಮೊದಲು, ಯಾವುದು ನಂತರ ಎಂದು ತೋರಿಸುವ ಕ್ರಮಬದ್ಧ ಉತ್ಖನನ ಇಲ್ಲಿ ಇನ್ನೂ ನಡೆದಿರಲಿಲ್ಲ.

ಆ ಕೆಲಸ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದಿತು. ಎಚ್.ಡಿ. ಸಾಂಕಳಿಯಾ ಅವರ ಶಿಷ್ಯರಾದ ಬಿ. ಸುಬ್ಬರಾವ್ 1946ರಲ್ಲಿ ಸಂಗನಕಲ್ಲಿನಲ್ಲಿ ಅಗೆತ ನಡೆಸಿ, 1948ರಲ್ಲಿ ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್, ಕಲ್ಗೊಡಲಿ ಸಂಸ್ಕೃತಿಯ ಇನ್ನೊಂದು ನೆಲೆಯಾದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ್ದು ಸುಬ್ಬರಾವ್ ಅವರ ಅಗೆತದ ಮರುವರ್ಷ, 1947ರಲ್ಲಿ. ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ ಎಂ.ಎಚ್. ಕೃಷ್ಣ ಅದೇ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ದುಡಿದಿದ್ದರು. ವೀಲರ್ ಅವರ ಹೆಸರಿನ ಪ್ರಭೆಯಲ್ಲಿ ಕೃಷ್ಣ ಮತ್ತು ಸುಬ್ಬರಾವ್ ಇಬ್ಬರ ಕೆಲಸವೂ ಮಸುಕಾದುದು ಈ ಕ್ಷೇತ್ರದ ಚರಿತ್ರೆ ಬರೆಯುವವರು ತಿದ್ದಬೇಕಾದ ಸಂಗತಿ. ಮುಂದೆ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದ ಸುಬ್ಬರಾವ್, ಭಾರತದ ಭೂಪ್ರದೇಶಗಳ ಸ್ವರೂಪಕ್ಕೂ ಸಂಸ್ಕೃತಿಗಳ ಹರಡುವಿಕೆಗೂ ಇರುವ ನಂಟನ್ನು ವಿಶ್ಲೇಷಿಸಿದ ಗ್ರಂಥದಿಂದ ಹೆಸರಾದರು. ಆ ಚಿಂತನೆಗೆ ಬೇಕಾದ ಕ್ಷೇತ್ರಾನುಭವ ಅವರಿಗೆ ಬಳ್ಳಾರಿಯ ಗುಡ್ಡಗಳಲ್ಲಿ ದಕ್ಕಿತ್ತು.

1960ರ ದಶಕದಲ್ಲಿ ಕ್ಷೇತ್ರ ಎರಡನೆಯ ಹೆಜ್ಜೆ ಇಟ್ಟಿತು. ಈಗಿನ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ 1963-64ರಲ್ಲಿ ಉತ್ಖನನ ನಡೆಸಿ, ಭೌತಿಕ ಮಾನವಶಾಸ್ತ್ರಜ್ಞ ಕೆ.ಸಿ. ಮಲ್ಹೋತ್ರಾ ಅವರೊಡನೆ 1965ರಲ್ಲಿ ವರದಿಯನ್ನು ಹೊರತಂದರು. ಭೌತಿಕ ಮಾನವಶಾಸ್ತ್ರವೆಂದರೆ ಮೂಳೆಗಳ ಅಳತೆ ಮತ್ತು ರಚನೆಯಿಂದ ಮನುಷ್ಯರ ವಯಸ್ಸು, ಲಿಂಗ, ದೇಹಸ್ಥಿತಿಗಳನ್ನು ತಿಳಿಯುವ ಶಾಸ್ತ್ರ. ಗುಡ್ಡದ ಮೇಲಿನ ದುಂಡು ಗುಡಿಸಲುಗಳ ನೆಲಗಟ್ಟನ್ನೂ ಅಲ್ಲಿಯ ಸಮಾಧಿಗಳ ಅಸ್ಥಿಗಳನ್ನೂ ಒಂದೇ ಪುಸ್ತಕದ ಎರಡು ಹೊದಿಕೆಗಳ ನಡುವೆ ಇಟ್ಟದ್ದು, ಪುರಾತತ್ತ್ವಜ್ಞನೊಬ್ಬನೇ ಎಲ್ಲವನ್ನೂ ಹೇಳಲಾರ ಎಂಬ ಅರಿವಿನ ಮೊದಲ ಸ್ಪಷ್ಟ ಕುರುಹು. ಅದರ ಬೆನ್ನಿಗೇ ಝೆಡ್.ಡಿ. ಅನ್ಸಾರಿ ಮತ್ತು ನಾಗರಾಜರಾವ್ 1964-65ರಲ್ಲಿ ಸಂಗನಕಲ್ಲಿನಲ್ಲಿ ಅಗೆದು, ನವಶಿಲಾಯುಗದ ಆರಂಭಿಕ ಹಂತದ ಮನೆಯೊಂದರ ಅವಶೇಷಗಳನ್ನು 1969ರ ವರದಿಯಲ್ಲಿ ದಾಖಲಿಸಿದರು. ನಾಗರಾಜರಾವ್ ಮುಂದೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾದರು.

ಇದೇ ವೇಳೆಗೆ ಭೌತವಿಜ್ಞಾನ ಈ ಗುಡ್ಡಗಳ ಕಾಲಗಣನೆಯನ್ನೇ ಬದಲಿಸಿತು. ಜೀವಿಗಳಲ್ಲಿ ಸ್ವಲ್ಪಮಟ್ಟಿಗೆ ಇರುವ ಇಂಗಾಲ-14 ಎಂಬ ವಿಕಿರಣಶೀಲ ರೂಪ, ಜೀವಿ ಸತ್ತ ಮೇಲೆ ಸುಮಾರು 5,730 ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಉಳಿದ ಪ್ರಮಾಣವನ್ನು ಅಳೆದರೆ ಇದ್ದಿಲಿನ ಅಥವಾ ಕಾಳಿನ ಪ್ರಾಯ ತಿಳಿಯುತ್ತದೆ. ವೀಲರ್ ಬ್ರಹ್ಮಗಿರಿಯ ಕಲ್ಗೊಡಲಿ ಸಂಸ್ಕೃತಿಯನ್ನು ಕ್ರಿಸ್ತಪೂರ್ವ ಮೊದಲ ಸಹಸ್ರಮಾನಕ್ಕೆ ಇಳಿಸಿದ್ದರೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯ ಮತ್ತಿತರ ಕಡೆಗಳಿಂದ ಬಂದ ಇಂಗಾಲ ಕಾಲನಿರ್ಣಯಗಳು ಅದನ್ನು ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಒಯ್ದವು. ದಕ್ಷಿಣದ ನವಶಿಲಾಯುಗ ಕ್ರಿಸ್ತಪೂರ್ವ 3000ದ ಹೊತ್ತಿಗೆ ತೊಡಗಿ 1200ರ ಸುಮಾರಿಗೆ ಮುಗಿಯಿತೆಂಬ ಇಂದಿನ ತಿಳಿವಳಿಕೆಗೆ ಅಡಿಪಾಯ ಬಿದ್ದದ್ದು ಹೀಗೆ.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ವಿವಾದ ಈ ಕ್ಷೇತ್ರದ ಇನ್ನೊಂದು ದೀರ್ಘ ಅಧ್ಯಾಯ. ಕುಡತಿನಿಯ ಬಳಿಯ ಬೂದಿದಿಬ್ಬ ಹತ್ತೊಂಬತ್ತನೆಯ ಶತಮಾನದಿಂದಲೇ ಕುತೂಹಲ ಕೆರಳಿಸಿತ್ತು. ಹಂಪಿ ಸಮೀಪದ ನಿಂಬಾಪುರದ ದಿಬ್ಬವನ್ನು ಜನ ಇಂದಿಗೂ ವಾಲಿಯ ಚಿತಾಭಸ್ಮವೆಂದೇ ನಂಬುತ್ತಾರೆ. ಈ ದಿಬ್ಬಗಳ ಬೂದಿ ದನದ ಸಗಣಿ ಸುಟ್ಟದ್ದು ಎಂದು ಫೂಟ್ ಊಹಿಸಿದ್ದನ್ನು ಲಂಡನ್ನಿನ ಎಫ್.ಇ. ಝಾಯ್ನರ್ ಪ್ರಯೋಗಾಲಯದ ಪರೀಕ್ಷೆಯಿಂದ ದೃಢಪಡಿಸಿದರು. ಕೇಂಬ್ರಿಜ್‌ನ ಎಫ್.ಆರ್. ಆಲ್ಚಿನ್ 1957ರಲ್ಲಿ ಉಟ್ನೂರಿನಲ್ಲಿ ಅಗೆದು, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳನ್ನೂ ಬೇಲಿಗೂಟಗಳ ಕುಳಿಗಳನ್ನೂ ಕಂಡು, ಇವು ದನದ ದೊಡ್ಡಿಗಳೆಂದೂ ಗೊತ್ತಾದ ಕಾಲಕ್ಕೆ ವಿಧಿಪೂರ್ವಕವಾಗಿ ಸುಡಲ್ಪಟ್ಟಿರಬಹುದೆಂದೂ 1963ರ ಗ್ರಂಥದಲ್ಲಿ ವಾದಿಸಿದರು. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ವರ್ಷಗಳ ಕಾಲ ಅಗೆಸಿ, ದಿಬ್ಬದ ಪಕ್ಕದಲ್ಲೇ ಜನವಸತಿಯೂ ಪ್ರಾಣಿಗಳನ್ನು ಕೊಯ್ದು ಹಂಚಿದ ನೆಲವೂ ಇದ್ದುದನ್ನು ತೋರಿಸಿ, ಬೂದಿದಿಬ್ಬಗಳು ಅಲೆಮಾರಿಗಳ ತಾತ್ಕಾಲಿಕ ತಂಗುದಾಣಗಳು ಮಾತ್ರ ಎಂಬ ಗ್ರಹಿಕೆಯನ್ನು ಅಲುಗಾಡಿಸಿದರು. ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. 2004ರಲ್ಲಿ ಪೀಟರ್ ಜೋಹಾನ್ಸನ್ ಮತ್ತು ನಿಕೋಲ್ ಬೋಯ್ವಿನ್ ಬೇರೆ ಬೇರೆ ಲೇಖನಗಳಲ್ಲಿ, ತಲೆಮಾರುಗಳ ಕಾಲ ಒಂದೇ ಕಡೆ ಸಗಣಿ ಒಟ್ಟಿ ಸುಟ್ಟು ಎತ್ತರಿಸಿದ ಈ ದಿಬ್ಬಗಳನ್ನು ಭೂದೃಶ್ಯದ ಮೇಲೆ ಸಮುದಾಯ ಮೂಡಿಸಿದ ಅರ್ಥಪೂರ್ಣ ನಿರ್ಮಿತಿಗಳೆಂದು ಓದಿದರು. ರಸಾಯನ ಪರೀಕ್ಷೆ ‘ಇದು ಏನು’ ಎಂಬ ಪ್ರಶ್ನೆಯನ್ನು ಮುಗಿಸಿದ ಮೇಲೆಯೂ ‘ಏಕೆ’ ಎಂಬ ಪ್ರಶ್ನೆ ಮಾನವಿಕಗಳ ಪಾಲಿಗೆ ಉಳಿದುಕೊಂಡಿತೆಂಬುದನ್ನು ಗಮನಿಸಬೇಕು.

ಈಚಿನ ಮೂರು ದಶಕಗಳ ಮುಖ್ಯ ಸಾಧನೆಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರ ಸುತ್ತ ರೂಪುಗೊಂಡ ಸಹಯೋಗದಿಂದ ಬಂದವು. ಅವರೊಡನೆ ನಿಕೋಲ್ ಬೋಯ್ವಿನ್, ಮೈಕೆಲ್ ಪೆಟ್ರಾಗ್ಲಿಯಾ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೋರಿಯನ್ ಫುಲ್ಲರ್, ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯದ ಪಿ.ಸಿ. ವೆಂಕಟಸುಬ್ಬಯ್ಯ, ಬಾರ್ಸಿಲೋನಾದ ರೋಬರ್ಟೊ ರಿಷ್ ಮೊದಲಾದವರು ದುಡಿದರು. ಇವರಲ್ಲಿ ಫುಲ್ಲರ್ ಅವರ ಕ್ಷೇತ್ರ ಪುರಾಸಸ್ಯವಿಜ್ಞಾನ, ಎಂದರೆ ಪ್ರಾಚೀನ ನೆಲೆಗಳಲ್ಲಿ ಉಳಿದ ಸಸ್ಯಾವಶೇಷಗಳಿಂದ ಆಹಾರ ಮತ್ತು ಬೇಸಾಯವನ್ನು ತಿಳಿಯುವ ಶಾಸ್ತ್ರ. ಅದರ ವಿಧಾನ ನೋಡಲು ತೀರ ಸರಳ. ಒಂದೊಂದು ಪದರದಿಂದಲೂ ಗೊತ್ತಾದ ಅಳತೆಯ ಮಣ್ಣನ್ನು ತೆಗೆದು ಬಕೆಟ್ಟಿನ ನೀರಿಗೆ ಸುರಿದು ಮೆಲ್ಲಗೆ ಕದಡುತ್ತಾರೆ. ಮಣ್ಣು ತಳಕ್ಕೆ ಇಳಿಯುತ್ತದೆ, ಸಾವಿರಾರು ವರ್ಷಗಳ ಹಿಂದೆ ಒಲೆಯಲ್ಲಿ ಸೀದು ಕರಿಯಾದ ಕಾಳುಗಳು ಹಗುರವಾದ್ದರಿಂದ ತೇಲುತ್ತವೆ. ಅವನ್ನು ನವಿರಾದ ಜಾಲರಿಯಲ್ಲಿ ಸೋಸಿ, ನೆರಳಿನಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಡಿ ಒಂದೊಂದನ್ನೂ ಇಂದಿನ ಕಾಳಿನೊಡನೆ ಹೋಲಿಸುತ್ತಾರೆ. ಹಿಂದಿನ ಅಗೆತಗಳಲ್ಲಿ ಕಸವೆಂದು ಹೊರಗೆ ಚೆಲ್ಲಿದ ಮಣ್ಣಿನಲ್ಲಿ ಎಷ್ಟು ಇತಿಹಾಸ ಹೋಯಿತೆಂದು ಯೋಚಿಸಿದರೆ ಸಂಕಟವಾಗುತ್ತದೆ.

ಈ ಬಕೆಟ್ಟುಗಳಿಂದ ಮೇಲೆದ್ದು ಬಂದ ಬೆಳೆಗಳು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಕುಲಕ್ಕೆ ಸೇರಿದ ಇನ್ನೊಂದು ಕಿರುಧಾನ್ಯ. 2004ರಲ್ಲಿ ಫುಲ್ಲರ್, ಕೋರಿಶೆಟ್ಟರ್, ವೆಂಕಟಸುಬ್ಬಯ್ಯ ಮತ್ತು ಮಾರ್ಟಿನ್ ಜೋನ್ಸ್ ಪ್ರಕಟಿಸಿದ ಲೇಖನ, ಸಂಗನಕಲ್ಲು ಸೇರಿದಂತೆ ಹಲವು ನೆಲೆಗಳ ಸಾಕ್ಷ್ಯವನ್ನು ಒಗ್ಗೂಡಿಸಿ, ದಕ್ಷಿಣ ಭಾರತದಲ್ಲಿ ಸ್ಥಳೀಯ ಸಸ್ಯಗಳನ್ನೇ ಪಳಗಿಸಿದ ಸ್ವತಂತ್ರ ಬೇಸಾಯ ಪರಂಪರೆಯೊಂದು ಇದ್ದಿರಬೇಕೆಂದು ಮಂಡಿಸಿತು. ಗೋಧಿ, ಜವೆಗಳು ಹೊರಗಿನಿಂದ ಆಮೇಲೆ ಬಂದು ಸೇರಿಕೊಂಡವು. ಬೇಸಾಯದ ಕಲೆ ವಾಯವ್ಯದಿಂದ ಸಿದ್ಧರೂಪದಲ್ಲೇ ದಕ್ಷಿಣಕ್ಕೆ ಇಳಿಯಿತೆಂಬ ಹಳೆಯ ಊಹೆಗೆ ಇದಕ್ಕಿಂತ ಬಲವಾದ ಉತ್ತರ ಬಂದಿರಲಿಲ್ಲ. ಒಣಭೂಮಿಯ ರೈತರು ಇಂದಿಗೂ ಬಿತ್ತುವ ಹುರುಳಿ ಮತ್ತು ಕೊರಲೆಗಳ ಚರಿತ್ರೆ ಇದರಿಂದ ನಾಲ್ಕು ಸಾವಿರ ವರ್ಷಗಳಷ್ಟು ಉದ್ದವಾಯಿತೆಂಬುದೇ ಈ ಶೋಧದ ದೊಡ್ಡ ಗೌರವ. ಇಂಗಾಲ ಕಾಲನಿರ್ಣಯವೂ ಅಷ್ಟರಲ್ಲಿ ಸೂಕ್ಷ್ಮವಾಗಿ, ಒಂದೇ ಒಂದು ಕಾಳಿನ ಪ್ರಾಯವನ್ನು ಅಳೆಯುವುದು ಸಾಧ್ಯವಾಗಿತ್ತು. 2007ರಲ್ಲಿ ಫುಲ್ಲರ್, ಬೋಯ್ವಿನ್ ಮತ್ತು ಕೋರಿಶೆಟ್ಟರ್ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಹೊಸ ಕಾಲಾನುಕ್ರಮವನ್ನು ಪ್ರಕಟಿಸಿ, ಬೂದಿದಿಬ್ಬಗಳ ಹಂತ ಮತ್ತು ನೆಲೆನಿಂತ ಹಳ್ಳಿಗಳ ಹಂತಗಳನ್ನು ಹೆಚ್ಚು ನಿಖರವಾಗಿ ಬೇರ್ಪಡಿಸಿದರು.

ಕಲ್ಲಿನ ಕೊಡಲಿಗಳ ಅಧ್ಯಯನವೂ ಇದೇ ತಂಡದಲ್ಲಿ ಹೊಸ ತಿರುವು ಪಡೆಯಿತು. ಹಿರೇಗುಡ್ಡದ ಗ್ರಾನೈಟಿನ ಬಿರುಕಿನಲ್ಲಿ ಒಂದು ಕಾಲಕ್ಕೆ ನುಗ್ಗಿ ತಣಿದ ಶಿಲಾರಸ, ಡಾಲರೈಟ್ ಎಂಬ ಕಪ್ಪು, ಗಟ್ಟಿ, ನುಣುಪು ಕಣಗಳ ಕಲ್ಲಾಗಿ ಪಟ್ಟಿಯಂತೆ ಹಾದುಹೋಗಿದೆ. ಇಂಥ ಪಟ್ಟಿಯನ್ನು ಭೂವಿಜ್ಞಾನಿಗಳು ಡೈಕ್ ಎನ್ನುತ್ತಾರೆ. ಈ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ ಆಕಾರಕ್ಕೆ ತಂದು, ಮೊನಚು ಕಲ್ಲಿನಿಂದ ಕುಟ್ಟಿ ಸಮಮಾಡಿ, ಕೊನೆಗೆ ನೀರು ಹಾಕಿ ಬಂಡೆಗೆ ಉಜ್ಜಿ ಅಂಚು ಹರಿತಗೊಳಿಸುತ್ತಿದ್ದರು. ಹಾಗೆ ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡುಗಳನ್ನು ಇಂದಿಗೂ ಬೆರಳಿನಿಂದ ಸವರಿ ನೋಡಬಹುದು. ರಿಷ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಕೊಡಲಿಗಳ ಕಾರ್ಖಾನೆ ಎಂದೇ ಕರೆದರು. ಸೆರಿ ಶಿಪ್ಟನ್ ಮೊದಲಾದವರ 2012ರ ಲೇಖನ, ಕಲ್ಲಿನ ಕೆಲಸದಲ್ಲಾದ ಮಾರ್ಪಾಡುಗಳನ್ನು ಆ ಸಮಾಜದೊಳಗಿನ ಬದಲಾವಣೆಗಳೊಡನೆ ಜೋಡಿಸಿ ನೋಡಿತು. ಫೂಟ್ ಅವರ ಕೈಯಲ್ಲಿ ಸಂಗ್ರಹಾಲಯದ ವಸ್ತುವಾಗಿದ್ದ ಕೊಡಲಿ, ಇವರ ಕೈಯಲ್ಲಿ ಕಸಬುದಾರರ ದಿನದ ದುಡಿಮೆಯ ದಾಖಲೆಯಾಯಿತು.

ಅದೇ ಡೈಕಿನ ಬಂಡೆಗಳ ಮೇಲೆಯೇ ಉದ್ದಕೊಂಬಿನ ದನಗಳ, ಕೈಕೈ ಹಿಡಿದ ಮನುಷ್ಯರ ಚಿತ್ರಗಳಿವೆ. ಅವುಗಳ ನಡುವಿನ ಕೆಲವು ಬಂಡೆಗಳಲ್ಲಿ ಪದೇ ಪದೇ ಹೊಡೆದುದರಿಂದಾದ ಕುಳಿಗಳಿದ್ದು, ಅಲ್ಲಿ ಕಲ್ಲಿನಿಂದ ತಟ್ಟಿದರೆ ಲೋಹದ ಜಾಗಟೆಯಂಥ ನಾದ ಹೊಮ್ಮುತ್ತದೆ. ಬೋಯ್ವಿನ್ 2004ರಲ್ಲಿ ಇದನ್ನು ವಿವರಿಸಿ, ಚಿತ್ರ ಕುಟ್ಟುವ ಕ್ರಿಯೆಯೂ ನಾದ ಎಬ್ಬಿಸುವ ಕ್ರಿಯೆಯೂ ಒಂದೇ ಆಚರಣೆಯ ಭಾಗವಾಗಿದ್ದಿರಬಹುದೆಂದು ಸೂಚಿಸಿದರು. ಶಿಲಾಚಿತ್ರವನ್ನು ಕಣ್ಣಿನಿಂದ ಮಾತ್ರ ಅಧ್ಯಯನ ಮಾಡುತ್ತಿದ್ದ ಶಾಸ್ತ್ರಕ್ಕೆ ಕಿವಿಯನ್ನೂ ಕೊಟ್ಟ ಕೆಲಸ ಇದು. ಅದೇ ಲೇಖಕಿ ಕಲ್ಲುಗಣಿಗಾರಿಕೆಯಿಂದ ಈ ನೆಲೆಗೆ ಒದಗಿರುವ ಅಪಾಯದ ಬಗ್ಗೆಯೂ ಎಚ್ಚರಿಸಿದ್ದರು.

ಲಿಪಿಯುಗದ ಅಧ್ಯಯನದಲ್ಲೂ ಈ ಸೀಮೆ ಬಡವಾಗಿಲ್ಲ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೇಗೊಳದಲ್ಲಿ 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ಅಶೋಕನ ಕಿರುಶಾಸನಗಳು, ಕುರುಗೋಡಿನಲ್ಲಿ ಆಳಿದ ಸಿಂದರ ಶಾಸನಗಳು ಇತಿಹಾಸ ಮತ್ತು ಶಾಸನಶಾಸ್ತ್ರದ ಅಧ್ಯಾಪಕರಿಗೆ ನಿರಂತರ ಆಕರಗಳಾಗಿವೆ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬಳ್ಳಾರಿ ಜಿಲ್ಲೆಯ ಶಾಸನಗಳಿಗೇ ಪ್ರತ್ಯೇಕ ಸಂಪುಟವನ್ನು ಮೀಸಲಿಟ್ಟಿತು. ಅಂದಿನ ಬಳ್ಳಾರಿ ಜಿಲ್ಲೆಯ ಹಂಪಸಾಗರದಲ್ಲಿ ಹುಟ್ಟಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಬೋಧಿಸಿದ ಷ. ಶೆಟ್ಟರ್, ಕೋರಿಶೆಟ್ಟರ್ ಅವರೊಡನೆ ಸಂಪಾದಿಸಿದ ಭಾರತೀಯ ಪುರಾತತ್ತ್ವದ ಸಿಂಹಾವಲೋಕನದ ನಾಲ್ಕು ಸಂಪುಟಗಳಲ್ಲಿ, ಶಾಸನ ಓದುವವರೂ ಶಿಲೆ ಓದುವವರೂ ಒಂದೆಡೆ ಕೂಡಿದರು.

ಅಧ್ಯಾಪಕರ ಸಾಧನೆಯನ್ನು ಒಬ್ಬೊಬ್ಬರ ಹೆಸರಿನಲ್ಲಿ ಪ್ರಕಟವಾದ ಲೇಖನಗಳ ಎಣಿಕೆಯಿಂದ ಅಳೆಯುವ ಪದ್ಧತಿ ಸಂಗನಕಲ್ಲಿನಂಥ ಕೆಲಸಕ್ಕೆ ಹೊಂದುವುದಿಲ್ಲ. ಇಲ್ಲಿಯ ಮಹತ್ವದ ಬರಹಗಳಲ್ಲಿ ಅನೇಕವು ಹಲವು ಹೆಸರುಗಳನ್ನು ಹೊತ್ತಿವೆ, ಮತ್ತು ಆ ಹೆಸರುಗಳ ಹಿಂದೆ ಮಣ್ಣು ಹೊತ್ತ, ಜರಡಿ ಹಿಡಿದ ಊರಿನವರ ದುಡಿಮೆಯೂ ಇದೆ. ಬಹುಪಾಲು ವರದಿಗಳು ಇಂಗ್ಲಿಷಿನಲ್ಲಿ, ದೂರದ ಪತ್ರಿಕೆಗಳಲ್ಲಿ ಪ್ರಕಟವಾದುದರಿಂದ ಸಂಗನಕಲ್ಲಿನ ಶಾಲೆಯ ಮಕ್ಕಳಿಗೆ ತಮ್ಮ ಗುಡ್ಡದ ಕಥೆ ತಲುಪುವುದು ತಡವಾಯಿತು. ಬಳ್ಳಾರಿ ನಗರದಲ್ಲಿ ಕೋರಿಶೆಟ್ಟರ್ ಅವರ ಮುತುವರ್ಜಿಯಿಂದ ರೂಪುಗೊಂಡ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ತ್ವ ಸಂಗ್ರಹಾಲಯ ಆ ಅಂತರವನ್ನು ತುಂಬುವ ದೊಡ್ಡ ಪ್ರಯತ್ನ. ಅದನ್ನು ಯಾವುದೇ ಅಂತರರಾಷ್ಟ್ರೀಯ ಪ್ರಕಟಣೆಗೆ ಸಮನಾದ ವಿದ್ವತ್ ಸಾಧನೆಯೆಂದೇ ಎಣಿಸಬೇಕು.

ಕ್ಷೇತ್ರದ ಮುಂದೆ ಈಗ ಉಳಿದಿರುವ ಪ್ರಶ್ನೆಗಳಲ್ಲಿ ಮುಖ್ಯವಾದುದು ಈ ಗುಡ್ಡಗಳನ್ನು ಜನ ತೊರೆದ ಕಾರಣ. ಪ್ಯಾಟ್ರಿಕ್ ರಾಬರ್ಟ್ಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ, ಸಂಗನಕಲ್ಲು-ಕಪ್ಪಗಲ್ಲಿನ ವಸತಿಗಳು ಬೆಳೆದ ಮತ್ತು ಬರಿದಾದ ಬಗೆಯನ್ನು ಪದರ ಪದರವಾಗಿ ಪರಿಶೀಲಿಸಿ, ನವಶಿಲಾಯುಗದಿಂದ ಕಬ್ಬಿಣಯುಗಕ್ಕೆ ಆದ ಸ್ಥಿತ್ಯಂತರ ದಕ್ಷಿಣದಲ್ಲೆಲ್ಲ ಒಂದೇ ತೆರನಾಗಿರಲಿಲ್ಲವೆಂದು ತೋರಿಸಿತು. ಮಳೆಯ ಏರುಪೇರು, ಬಯಲಿನ ಎರೆಮಣ್ಣಿಗೆ ಇಳಿದ ಬೇಸಾಯ, ಕಬ್ಬಿಣದ ಉಪಕರಣ ಬಂದ ಮೇಲೆ ಕಲ್ಗೊಡಲಿಗೆ ತಗ್ಗಿದ ಬೇಡಿಕೆ, ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತೆಂಬುದನ್ನು ಬಿಡಿಸಿ ಹೇಳಲು ಗುಡ್ಡದ ಮೇಲಿನಷ್ಟೇ ಎಚ್ಚರದಿಂದ ಬಯಲಿನ ಹೊಲಗಳಲ್ಲೂ ಶೋಧ ನಡೆಯಬೇಕಾಗಿದೆ. 2010ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಇತಿಹಾಸ, ಭೂವಿಜ್ಞಾನ, ಸಸ್ಯವಿಜ್ಞಾನದ ಹೊಸ ಅಧ್ಯಾಪಕರಿಗೆ ಆ ಹೊಲಗಳು ಬಸ್ಸಿನಲ್ಲಿ ಅರ್ಧ ತಾಸಿನ ದಾರಿ.