ಬೀಜದ ಸಿಪ್ಪೆಯಲ್ಲಿರುವ ಪಾಲಿಫಿನಾಲ್ ಮತ್ತು ಹೃದಯದ ಆರೋಗ್ಯ

ಕೀಟ, ಶಿಲೀಂಧ್ರ ಮತ್ತು ಬಿರುಬಿಸಿಲಿನಿಂದ ತಮ್ಮನ್ನು ರಕ್ಷಿಸಿಕೊಳ್ಳಲು ಸಸ್ಯಗಳು ತಯಾರಿಸುವ ರಾಸಾಯನಿಕಗಳ ಒಂದು ದೊಡ್ಡ ಗುಂಪೇ ಪಾಲಿಫಿನಾಲ್. ಬೀಜದೊಳಗಿನ ಮೊಳಕೆಯನ್ನು ಕಾಯುವುದು ಅದರ ಹೊರಸಿಪ್ಪೆ. ಆದ್ದರಿಂದ ಹಲವು ಬೀಜಗಳಲ್ಲಿ ಪಾಲಿಫಿನಾಲ್ ಹೆಚ್ಚಾಗಿ ಶೇಖರವಾಗುವುದೂ ಸಿಪ್ಪೆಯಲ್ಲೇ. ರಾಗಿ, ಹುರುಳಿ, ಕಡಲೆಕಾಯಿ ಬೀಜಗಳ ಕೆಂಪು-ಕಂದು ಬಣ್ಣಕ್ಕೂ ಒಗರಿಗೂ ಇದೇ ಮುಖ್ಯ ಕಾರಣ.

ಹೃದಯಕ್ಕೆ ಹೇಗೆ ನೆರವು?

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಉತ್ಪಾದಿಸಿ ನಾಳವನ್ನು ಸಡಿಲವಾಗಿಡುತ್ತದೆ. ಕೆಲವು ಪಾಲಿಫಿನಾಲ್‌ಗಳು ಈ ಕ್ರಿಯೆಗೆ ನೆರವಾಗುತ್ತವೆ. ಕೆಟ್ಟ ಕೊಲೆಸ್ಟರಾಲ್ ಉತ್ಕರ್ಷಣಗೊಂಡು ನಾಳದ ಗೋಡೆಗೆ ಅಂಟುವುದನ್ನು ಇವು ತಗ್ಗಿಸುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಎಳ್ಳು ಮತ್ತು ಅಗಸೆಯಲ್ಲಿರುವ ಲಿಗ್ನಾನ್‌ಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ಬೇರೆ ರೂಪಕ್ಕೆ ಪರಿವರ್ತಿಸಿದ ಮೇಲೆ ದೇಹ ಹೀರಿಕೊಳ್ಳುತ್ತದೆ.

ಮನುಷ್ಯರಲ್ಲಿ ದೊರೆತ ಸಾಕ್ಷ್ಯ ಇಷ್ಟು ನೇರವಾಗಿಲ್ಲ. ಕೋಕೋ ಬೀಜದ ಫ್ಲಾವನಾಲ್ ಕುರಿತು ಅಮೆರಿಕದಲ್ಲಿ 21,442 ಹಿರಿಯರ ಮೇಲೆ ನಡೆದ ಕಾಸ್ಮಾಸ್ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ದಿನಕ್ಕೆ 500 ಮಿಲಿಗ್ರಾಂ ಪಡೆದವರಲ್ಲಿ ಹೃದ್ರೋಗದಿಂದಾದ ಸಾವು ಕಡಿಮೆಯಿತ್ತು. ಆದರೆ ಒಟ್ಟು ಹೃದಯ ಸಂಬಂಧಿ ಘಟನೆಗಳು ಖಚಿತವಾಗಿ ಇಳಿದವೆಂದು ಸಾಬೀತಾಗಲಿಲ್ಲ. ಕೆನಡಾದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲಿನ ರಕ್ತನಾಳ ಕಟ್ಟಿಕೊಂಡಿದ್ದ 110 ರೋಗಿಗಳು ಭಾಗವಹಿಸಿದ್ದರು. ಅವರಲ್ಲಿ ಆರು ತಿಂಗಳು ದಿನಕ್ಕೆ 30 ಗ್ರಾಂ ಅಗಸೆ ಪುಡಿ ತಿಂದವರ ರಕ್ತದೊತ್ತಡ ಇಳಿಯಿತು. ಅಗಸೆಯಲ್ಲಿ ಒಮೆಗಾ-3 ಕೊಬ್ಬು, ನಾರು, ಲಿಗ್ನಾನ್ ಮೂರೂ ಇರುವುದರಿಂದ ಆ ಫಲವನ್ನು ಪಾಲಿಫಿನಾಲ್ ಒಂದರ ಲೆಕ್ಕಕ್ಕೆ ಹಾಕುವಂತಿಲ್ಲ.

ತಾಳ್ಯದ ಹೊಲ, ತೋಟದಿಂದ ಎರಡು ಪಾಠ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯ ಸುತ್ತಮುತ್ತ ರಾಗಿಯೂ ಇದೆ, ಅಡಿಕೆಯೂ ಇದೆ. ಎರಡೂ ಪಾಲಿಫಿನಾಲ್ ಇರುವ ಬೀಜಗಳೇ.

ರಾಗಿಯ ಸಿಪ್ಪೆಯಲ್ಲಿರುವ ಪಾಲಿಫಿನಾಲ್ ಬಗ್ಗೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ವಿಸ್ತಾರವಾಗಿ ಸಂಶೋಧಿಸಿದ್ದಾರೆ. ಬಿಳಿ ರಾಗಿಗಿಂತ ಕಂದು ರಾಗಿಯಲ್ಲಿ ಇದರ ಪ್ರಮಾಣ ಹೆಚ್ಚು. ಕಾಳು ಸಣ್ಣದಾದ್ದರಿಂದ ರಾಗಿಯನ್ನು ಸಾಮಾನ್ಯವಾಗಿ ಸಿಪ್ಪೆ ಸಮೇತ ಬೀಸುತ್ತೇವೆ. ಆಮೇಲೆ ತೀರಾ ಸಣ್ಣ ಜರಡಿ ಹಿಡಿದು ಹೊಟ್ಟು ಚೆಲ್ಲಿದರೆ ಆ ಲಾಭದ ಬಹುಪಾಲು ಕೈತಪ್ಪುತ್ತದೆ.

ಅಡಿಕೆಯಲ್ಲಿ ಕ್ಯಾಟೆಚಿನ್, ಟ್ಯಾನಿನ್ ಧಾರಾಳ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಪಾಲಿಫಿನಾಲ್ ಇದೆ ಎಂಬ ಒಂದೇ ಕಾರಣಕ್ಕೆ ಯಾವ ಬೀಜವೂ ಹೃದಯರಕ್ಷಕ ಆಗುವುದಿಲ್ಲ. ಅದರಲ್ಲಿ ಜೊತೆಗೆ ಏನಿದೆ ಎಂಬುದೂ ಅಷ್ಟೇ ಮುಖ್ಯ.

ಜೈನ ಅಡುಗೆಮನೆಯಲ್ಲಿ

• ಹುರುಳಿಯನ್ನು ಮೊಳಕೆ ಬರಿಸಲೇಬೇಕೆಂದಿಲ್ಲ. ಮೊಳಕೆ ಕಾಳು ಬಳಸದ ಮನೆಗಳಲ್ಲಿ ಹುರಿದು ಬೇಯಿಸಿ ಸಾರು ಮಾಡಬಹುದು.
• ಅಗಸೆ, ಎಳ್ಳಿನ ಚಟ್ನಿಪುಡಿಗೆ ಬೆಳ್ಳುಳ್ಳಿಯ ಬದಲು ಇಂಗು, ಜೀರಿಗೆ ಸಾಕು. ಉಪ್ಪು ಹಿತಮಿತವಾಗಿರಲಿ.
• ಕಡಲೆಕಾಯಿ ಬೀಜವನ್ನು ಕೆಂಪು ಸಿಪ್ಪೆಯೊಂದಿಗೆ ಬಳಸಿ.
• ಪಾಲಿಫಿನಾಲ್ ಕಬ್ಬಿಣಾಂಶ ಹೀರಿಕೆಯನ್ನು ತಗ್ಗಿಸುತ್ತದೆ. ರಕ್ತಹೀನತೆ ಇರುವವರು ಊಟದಲ್ಲಿ ನಿಂಬೆ ಅಥವಾ ನೆಲ್ಲಿಕಾಯಿ ಸೇರಿಸಿಕೊಳ್ಳಿ. ಊಟದ ಜೊತೆ ಚಹಾ ಬೇಡ.

ಕ್ಯಾಪ್ಸೂಲ್ ಕೊಳ್ಳುವ ಮುನ್ನ

ದ್ರಾಕ್ಷಿ ಬೀಜದ ಸಾರ ಮುಂತಾದವು ಕ್ಯಾಪ್ಸೂಲ್ ರೂಪದಲ್ಲಿ ಸಿಗುತ್ತವೆ. ಅನೇಕ ಕ್ಯಾಪ್ಸೂಲ್‌ಗಳ ಹೊದಿಕೆ ಜಿಲೆಟಿನ್‌ನದು. ಅದನ್ನು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುತ್ತಾರೆ. ಒಳಗಿರುವುದು ಸಸ್ಯದ ಸಾರವೆಂದು ನಂಬಿ ಕೊಳ್ಳದೆ, ಪೊಟ್ಟಣದ ಮೇಲೆ ಹಸಿರು ಗುರುತು ಇದೆಯೇ, ಹೊದಿಕೆ ಸೆಲ್ಯುಲೋಸ್‌ನದೇ ಎಂದು ಪರಿಶೀಲಿಸಿ. ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಔಷಧಿ ಸೇವಿಸುವವರು ಇಂಥ ಸಾರಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲ್‌ಗೆ ಬರೆದುಕೊಟ್ಟ ಮಾತ್ರೆಗಳಿಗೆ ಬೀಜಗಳು ಬದಲಿಯಲ್ಲ. ಎದೆ ಬಿಗಿತ, ಎಡಗೈ ಅಥವಾ ದವಡೆ ನೋವು, ತಣ್ಣನೆ ಬೆವರು ಕಂಡರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ.