ನೋವಿನ ಮಾತ್ರೆ ಬಿಟ್ಟರೆ ಮೂರು ದಿನದಲ್ಲಿ ಮಿದುಳು ಮೊದಲಿನಂತಾಗುತ್ತದೆಯೇ?

ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಮೈಕೈ ನೋವು ಹೊಸದೇನಲ್ಲ. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ, ಜೊತೆಗೆ ಏಣಿ ಹತ್ತಿ ಮೆಣಸು ಬಿಡಿಸುವ ಕೆಲಸ. ಬಿದ್ದು ಮೂಳೆ ಮುರಿದಾಗ ಅಥವಾ ಆಪರೇಷನ್ ಆದಾಗ ವೈದ್ಯರು ಕೆಲವು ದಿನಕ್ಕೆಂದು ಬಲವಾದ ನೋವಿನ ಮಾತ್ರೆ ಬರೆಯುವುದುಂಟು. ಹಳೇ ಚೀಟಿ ತೋರಿಸಿ ಅದನ್ನೇ ತಿಂಗಳುಗಟ್ಟಲೆ ನುಂಗಿದರೆ ಬಿಡುವುದು ಕಷ್ಟವಾಗುತ್ತದೆ. ಆಗ ಸುತ್ತಲಿನವರು ಕೊಡುವ ಸಲಹೆ ಒಂದೇ: "ಮನಸ್ಸು ಗಟ್ಟಿ ಮಾಡಿ ನಿಲ್ಲಿಸಿಬಿಡು, ಮೂರು ದಿನ ತಡೆದುಕೊಂಡರೆ ಎಲ್ಲ ಸರಿಹೋಗುತ್ತದೆ."

ಮಿದುಳು ಚೇತರಿಸಿಕೊಳ್ಳುತ್ತದೆ ಎಂಬುದು ನಿಜ. ಮೂರು ದಿನದಲ್ಲಿ ಎಂಬುದು ಸುಳ್ಳು. ಆ ಸುಳ್ಳನ್ನು ನಂಬಿದರೆ ಜೀವಕ್ಕೇ ಅಪಾಯವಾಗಬಹುದು.

ಯಾವ ಮಾತ್ರೆಗಳ ಬಗ್ಗೆ ಈ ಮಾತು?

ಪ್ಯಾರಸಿಟಮಾಲ್, ಡೈಕ್ಲೋಫೆನಾಕ್, ಐಬುಪ್ರೊಫೇನ್ ಈ ಗುಂಪಿಗೆ ಸೇರುವುದಿಲ್ಲ. ಇಲ್ಲಿ ಹೇಳುತ್ತಿರುವುದು ಒಪಿಯಾಯ್ಡ್ ಮಾತ್ರೆಗಳ ಬಗ್ಗೆ: ಟ್ರಮಡಾಲ್, ಟಪೆಂಟಡಾಲ್, ಕೊಡೀನ್, ಮಾರ್ಫಿನ್ ಇತ್ಯಾದಿ. ಟ್ರಮಡಾಲ್ ಅನ್ನು ಪ್ಯಾರಸಿಟಮಾಲ್ ಜೊತೆ ಸೇರಿಸಿದ ಮಾತ್ರೆಗಳೂ ಇವೆ. ಆದ್ದರಿಂದ ಸ್ಟ್ರಿಪ್‌ನ ಹಿಂಬದಿ ಓದಿ ನೋಡಿ. ದುರ್ಬಳಕೆ ಹೆಚ್ಚಾದ ಕಾರಣ 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಮಡಾಲ್ ಅನ್ನು ಮಾದಕ ವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ತಂದಿತು.

ಮಿದುಳಿನಲ್ಲಿ ಏನಾಗುತ್ತದೆ?

ನಮ್ಮ ದೇಹವೇ ನೋವು ತಗ್ಗಿಸುವ ರಾಸಾಯನಿಕಗಳನ್ನು ತಯಾರಿಸುತ್ತದೆ. ಅವು ಕೂರುವ ಜಾಗಗಳಿಗೆ ರಿಸೆಪ್ಟರ್ ಎನ್ನುತ್ತಾರೆ. ಒಪಿಯಾಯ್ಡ್ ಮಾತ್ರೆಯೂ ಅದೇ ಜಾಗದಲ್ಲಿ ಹೋಗಿ ಕೂರುತ್ತದೆ. ನೋವು ಇಳಿಯುತ್ತದೆ, ಮನಸ್ಸಿಗೂ ಹಾಯೆನಿಸುತ್ತದೆ. ದಿನವೂ ಹೀಗಾದರೆ ರಿಸೆಪ್ಟರ್‌ಗಳು ಮೊದಲಿನಷ್ಟು ಸ್ಪಂದಿಸುವುದಿಲ್ಲ. ಒಂದು ಮಾತ್ರೆಯ ಜಾಗದಲ್ಲಿ ಎರಡು ಬೇಕಾಗುತ್ತದೆ.

ಇನ್ನೊಂದು ಬದಲಾವಣೆಯೂ ಆಗುತ್ತದೆ. ನಮ್ಮನ್ನು ಎಚ್ಚರವಾಗಿಡುವ ನರಕೋಶಗಳನ್ನು ಈ ಮಾತ್ರೆ ತಡೆಹಿಡಿಯುತ್ತದೆ. ಮಿದುಳು ಅದಕ್ಕೆ ಹೊಂದಿಕೊಂಡು ಅವುಗಳನ್ನು ಇನ್ನಷ್ಟು ಜೋರಾಗಿ ಕೆಲಸ ಮಾಡಿಸುತ್ತದೆ. ಒಂದು ಕಾಲು ಬ್ರೇಕ್ ಮೇಲೆ, ಇನ್ನೊಂದು ಆಕ್ಸಿಲರೇಟರ್ ಮೇಲೆ ಇಟ್ಟು ಜೀಪು ಓಡಿಸಿದಂತೆ. ಮಾತ್ರೆ ನಿಲ್ಲಿಸಿದರೆ ಬ್ರೇಕ್ ಮಾತ್ರ ಬಿಟ್ಟಂತಾಗುತ್ತದೆ. ಬೆವರು, ಎದೆಬಡಿತ, ಆಕಳಿಕೆ, ಮೂಗು ಸೋರುವುದು, ಬೇಧಿ, ಮೈಕೈ ನೋವು, ನಿದ್ರೆಯಿಲ್ಲದ ರಾತ್ರಿ, ಎಲ್ಲ ಒಟ್ಟಿಗೆ ಬರುತ್ತವೆ. ಇದು ಮನಸ್ಸು ದುರ್ಬಲವಾಗಿದ್ದಕ್ಕೆ ಬರುವುದಲ್ಲ.

ಸರಿಹೋಗಲು ಎಷ್ಟು ಸಮಯ ಬೇಕು?

ಬೇಗ ಇಳಿಯುವ ಮಾತ್ರೆಯಾದರೆ ತೊಂದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಶುರುವಾಗುತ್ತದೆ. 2-3ನೇ ದಿನ ಅತಿ ಹೆಚ್ಚಾಗಿರುತ್ತದೆ. 7ರಿಂದ 10 ದಿನದಲ್ಲಿ ಬಹುಪಾಲು ಇಳಿಯುತ್ತದೆ. ಅಂದರೆ ಮೂರನೇ ದಿನ ಮುಗಿಯುವುದಿರಲಿ, ಕಷ್ಟ ಅತಿ ಹೆಚ್ಚಿರುವುದೇ ಆಗ.

ದೇಹ ಸುಧಾರಿಸಿದರೂ ನಿದ್ರೆ, ಉತ್ಸಾಹ, ಸಣ್ಣಪುಟ್ಟದರಲ್ಲಿ ಸಿಗುವ ಖುಷಿ ಮರಳಲು ವಾರಗಳು, ಹಲವರಿಗೆ ತಿಂಗಳುಗಳೇ ಬೇಕು. ದೀರ್ಘಕಾಲ ಮಾತ್ರೆ ನುಂಗಿದವರಿಗೆ ಸಣ್ಣ ನೋವೂ ದೊಡ್ಡದಾಗಿ ಕಾಣಬಹುದು. "ಹಳೇ ನೋವು ವಾಪಸ್ ಬಂತು" ಎಂದು ಹಲವರು ಮತ್ತೆ ಮಾತ್ರೆ ಹಿಡಿಯುವುದು ಇಂಥ ಹೊತ್ತಿನಲ್ಲೇ.

ಅಪಾಯ ಎಲ್ಲಿದೆ?

ಮಾತ್ರೆ ಬಿಟ್ಟ ಮೇಲೆ ಅದನ್ನು ತಡೆದುಕೊಳ್ಳುವ ಶಕ್ತಿ ದಿನಗಳಲ್ಲೇ ಇಳಿಯತೊಡಗುತ್ತದೆ. ಮಾತ್ರೆಯ ಆಸೆ ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ. ಎರಡು ವಾರ ಬಿಟ್ಟವರು ತಡೆಯಲಾರದೆ ಹಳೇ ಲೆಕ್ಕದಲ್ಲೇ ಒಮ್ಮೆಗೆ ನುಂಗಿದರೆ ಉಸಿರಾಟ ನಿಧಾನವಾಗಿ ನಿಂತೇ ಹೋಗಬಹುದು. ಮದ್ಯ ಅಥವಾ ನಿದ್ರೆ ಮಾತ್ರೆ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು.

ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿದ್ದರೆ, ಗೊರಗೊರ ಸದ್ದು ಬರುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. "ಮಲಗಿದ್ದಾರೆ, ಬಿಡಿ" ಎಂದು ಕಾಯಬೇಡಿ.

ಹಾಗಾದರೆ ಏನು ಮಾಡಬೇಕು?

ತಿಂಗಳುಗಟ್ಟಲೆ ನುಂಗುತ್ತಿದ್ದರೆ ನೀವೇ ಒಂದೇ ಸಲ ನಿಲ್ಲಿಸಬೇಡಿ. ವೈದ್ಯರು ಪ್ರಮಾಣವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಅಗತ್ಯವಿದ್ದರೆ ಬುಪ್ರೆನಾರ್ಫಿನ್‌ನಂಥ ಔಷಧ ಕೊಡುತ್ತಾರೆ. "ಒಂದು ಚಟದ ಬದಲು ಇನ್ನೊಂದು" ಎಂದು ಅದನ್ನು ಹೀಗಳೆಯಬೇಡಿ. ಅದು ಮಿದುಳಿಗೆ ಹೊಂದಿಕೊಳ್ಳಲು ಸಮಯ ಕೊಡುತ್ತದೆ, ಮಿತಿಮೀರಿ ನುಂಗಿ ಸಾಯುವ ಅಪಾಯವನ್ನೂ ತಗ್ಗಿಸುತ್ತದೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುತ್ತಿರುವವರು ಇಂಥ ಮೆಸೇಜ್ ನೋಡಿ ಹೆದರಿ ಬಿಡಬಾರದು.

ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಮಳೆಗಾಲದಲ್ಲಿ ತೋಟದಿಂದ ಹೊರಡುವುದೇ ಕಷ್ಟವಾದರೆ ಮೊದಲು ಫೋನ್ ಮಾಡಿ: ಟೆಲಿಮನಸ್ ಸಹಾಯವಾಣಿ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡೂ ಉಚಿತ.

ಮನೆಯವರೂ ನೆನಪಿಡಬೇಕಾದ್ದು ಇಷ್ಟು: ಹತ್ತು ದಿನ ಕಳೆದ ಮೇಲೂ ಅವರು ಮಂಕಾಗಿದ್ದರೆ ಅದು ಸೋಮಾರಿತನವಲ್ಲ, ಮಿದುಳು ಇನ್ನೂ ಸುಧಾರಿಸಿಕೊಳ್ಳುತ್ತಿದೆ. ಉಳಿದ ಮಾತ್ರೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. "ಮೂರು ದಿನ ತಡೆದುಕೋ" ಎಂಬ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಅದನ್ನು ಅಲ್ಲಿಗೇ ನಿಲ್ಲಿಸಿ, ಮೇಲಿನ ಎರಡು ನಂಬರ್ ಕಳುಹಿಸಿ.